ಟರ್ಮಿನಲ್ ಮುಚ್ಚಿದರೂ ನಿಲ್ಲದ ಕೆಲಸ

400 ಪುಟಗಳ ಹಳೆಯ ಕನ್ನಡ ಪುಸ್ತಕವೊಂದು ಸ್ಕ್ಯಾನ್ ಆಗಿ ನಿಮ್ಮ ಕಂಪ್ಯೂಟರಿನಲ್ಲಿದೆ ಎಂದುಕೊಳ್ಳಿ. ಲೇಖಕರು ತೀರಿಕೊಂಡು 60 ವರ್ಷ ಮೀರಿರುವುದರಿಂದ ಭಾರತದ ಕಾನೂನಿನಂತೆ ಹಕ್ಕುಸ್ವಾಮ್ಯದ ತೊಡಕಿಲ್ಲ. ಪುಟಗಳ ಚಿತ್ರವನ್ನು ಹುಡುಕಲು, ತಿದ್ದಲು ಬರುವ ಪಠ್ಯವಾಗಿಸಿದರೆ ಕನ್ನಡ ವಿಕಿಸೋರ್ಸ್‌ಗೆ ಸೇರಿಸಬಹುದು. ಇದಕ್ಕೆ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶವಿದೆ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ, ಆಮೇಲೆ ಗೂಗಲ್ ಆಶ್ರಯದಲ್ಲಿ ಬೆಳೆದ ಇದು ಕನ್ನಡವನ್ನೂ ಓದುತ್ತದೆ. ಒಂದು ಪುಟಕ್ಕೆ 10 ಸೆಕೆಂಡ್ ಹಿಡಿದರೂ ಪುಸ್ತಕಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು. ಅಂಥ 20 ಪುಸ್ತಕಗಳಿದ್ದರೆ ಹೆಚ್ಚುಕಡಿಮೆ ಒಂದು ಇಡೀ ದಿನ.

ಅಷ್ಟು ಹೊತ್ತು ಯಾರೂ ಪರದೆಯ ಮುಂದೆ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ. ಲಿನಕ್ಸ್‌ನಲ್ಲಿ ಒಂದು ಕೆಲಸವನ್ನು ಹಿನ್ನೆಲೆಗೆ ತಳ್ಳಲು ಒಂದೇ ಒಂದು ಚಿಹ್ನೆ ಸಾಕು. ಆದರೆ ತಳ್ಳಿದ ಕೆಲಸ ಬೆಳಗ್ಗೆ ಎದ್ದು ನೋಡುವಾಗ ಎಲ್ಲಿದೆ, ಎಷ್ಟಾಗಿದೆ, ನಿಂತಿದ್ದರೆ ಏಕೆ ನಿಂತಿತು ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುವುದಿಲ್ಲ. ಅದರ ಏರ್ಪಾಟನ್ನು ಕೆಲಸ ಶುರುವಾಗುವ ಮೊದಲೇ ಮಾಡಿಕೊಳ್ಳಬೇಕು. ಈ ಲೇಖನದ ಹೆಚ್ಚಿನ ಭಾಗ ಆ ಏರ್ಪಾಟಿನ ಬಗ್ಗೆಯೇ ಇದೆ.

ಕಮಾಂಡುಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ; ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ. ಕಾಗುಣಿತ ಊಹಿಸಲು ಕಷ್ಟವಾಗುವಲ್ಲಿ ಅಕ್ಷರಗಳನ್ನು ಬಿಡಿಸಿ ಕೊಟ್ಟಿದ್ದೇನೆ.

ಮುನ್ನೆಲೆ, ಹಿನ್ನೆಲೆ

ಯಾವುದೇ ಕಮಾಂಡಿನ ಕೊನೆಯಲ್ಲಿ & ಚಿಹ್ನೆ ಹಾಕಿ ಎಂಟರ್ ಒತ್ತಿದರೆ ಅದು ಹಿನ್ನೆಲೆಯಲ್ಲಿ ಓಡುತ್ತದೆ, ಪ್ರಾಂಪ್ಟ್ ಕೂಡಲೇ ನಿಮ್ಮ ಕೈಗೆ ಮರಳುತ್ತದೆ. 1971ರ ಸುಮಾರಿಗೆ ಕೆನ್ ಥಾಂಪ್ಸನ್ ಯುನಿಕ್ಸ್‌ಗಾಗಿ ಬರೆದ ಮೊದಲ ಶೆಲ್‌ನಲ್ಲೇ ಈ ಚಿಹ್ನೆಗೆ ಈ ಅರ್ಥವಿತ್ತು; ನೀವು ಟೈಪ್ ಮಾಡಿದ ಕಮಾಂಡನ್ನು ಓದಿ ನಡೆಸುವ ತಂತ್ರಾಂಶವೇ ಶೆಲ್. ಒತ್ತಿದ ತಕ್ಷಣ [1] 4821 ಎಂಬಂಥ ಒಂದು ಸಾಲು ಕಾಣುತ್ತದೆ. ಮೊದಲನೆಯದು ಈ ಶೆಲ್ ಕೊಟ್ಟ ಜಾಬ್ ಸಂಖ್ಯೆ, ಎರಡನೆಯದು ಇಡೀ ಯಂತ್ರಕ್ಕೆ ಗೊತ್ತಿರುವ ಪ್ರೋಸೆಸ್ ಸಂಖ್ಯೆ, ಅಂದರೆ ಪಿಐಡಿ. ಎರಡರ ವ್ಯತ್ಯಾಸ ಮುಂದೆ ಉಪಯೋಗಕ್ಕೆ ಬರುತ್ತದೆ.

& ಹಾಕಲು ಮರೆತು ಕೆಲಸ ಶುರು ಮಾಡಿದ್ದರೆ ನಿಲ್ಲಿಸಿ ಮತ್ತೆ ಆರಂಭಿಸಬೇಕಿಲ್ಲ. ಕಂಟ್ರೋಲ್ ಮತ್ತು ಜೆಡ್ ಒಟ್ಟಿಗೆ ಒತ್ತಿದರೆ ಅದು ಇದ್ದಲ್ಲೇ ತಡೆದು ನಿಲ್ಲುತ್ತದೆ. ಆಮೇಲೆ 'ಬಿಜಿ' ಎಂದರೆ ಹಿನ್ನೆಲೆಯಲ್ಲಿ ಮುಂದುವರಿಯುತ್ತದೆ, 'ಎಫ್‌ಜಿ' ಎಂದರೆ ಮುನ್ನೆಲೆಗೆ ಬರುತ್ತದೆ. 'ಜಾಬ್ಸ್' ಎಂದರೆ ಈ ಶೆಲ್‌ನ ಕೆಲಸಗಳ ಪಟ್ಟಿ ಸಿಗುತ್ತದೆ. ಈ ಶೆಲ್‌ನದು ಮಾತ್ರ ಎಂಬುದನ್ನು ನೆನಪಿಡಿ. ಇನ್ನೊಂದು ಟರ್ಮಿನಲ್ ತೆರೆದು 'ಜಾಬ್ಸ್' ಎಂದರೆ ಏನೂ ಕಾಣುವುದಿಲ್ಲ. ಕೆಲಸ ಸತ್ತಿತೆಂದು ಗಾಬರಿಯಾಗಬೇಕಿಲ್ಲ.

ಪಟ್ಟಿಯಲ್ಲಿ 'ರನ್ನಿಂಗ್' ಬದಲು 'ಸ್ಟಾಪ್ಡ್' ಎಂದು ಕಂಡರೆ ಮಾತ್ರ ಗಮನ ಕೊಡಿ. ಹಿನ್ನೆಲೆಯ ಕೆಲಸ ಕೀಬೋರ್ಡಿನಿಂದ ಏನನ್ನಾದರೂ ಓದಲು ಹೊರಟರೆ ವ್ಯವಸ್ಥೆ ಅದನ್ನು ತಡೆದು ನಿಲ್ಲಿಸುತ್ತದೆ. ಪಾಸ್‌ವರ್ಡ್ ಕೇಳುವ ಕಮಾಂಡು, ಹಳೆಯ ಫೈಲಿನ ಮೇಲೆ ಬರೆಯಲೇ ಎಂದು ಕೇಳುವ ಕಮಾಂಡು ಹೀಗೆ ಸದ್ದಿಲ್ಲದೆ ರಾತ್ರಿಯಿಡೀ ಕಾಯುತ್ತ ಕೂರುತ್ತವೆ. ಆದ್ದರಿಂದ ಹಿನ್ನೆಲೆಗೆ ಕಳಿಸುವ ಯಾವ ಕಮಾಂಡೂ ನಡುವೆ ಪ್ರಶ್ನೆ ಕೇಳದಂತೆ ನೋಡಿಕೊಳ್ಳಿ. ಬಹಳಷ್ಟು ತಂತ್ರಾಂಶಗಳಲ್ಲಿ 'ಎಲ್ಲಕ್ಕೂ ಹೌದು' ಎಂದು ಮೊದಲೇ ಹೇಳುವ ಆಯ್ಕೆ ಇರುತ್ತದೆ.

ವಿಂಡೋ ಮುಚ್ಚಿದಾಗ ಆಗುವುದು

& ಹಾಕಿದೆ, ಟರ್ಮಿನಲ್ ಮುಚ್ಚಿದೆ, ಕೆಲಸ ನಿಂತಿತು ಎಂದು ಹೇಳುವವರು ಬಹಳ. ಇದರ ಕಾರಣ ಟೆಲಿಫೋನ್ ಕಾಲದ್ದು. ಆಗ ದೂರದ ಯಂತ್ರಕ್ಕೆ ಮೋಡೆಮ್ ಮೂಲಕ ಫೋನ್ ಮಾಡಿ ಕೆಲಸ ಮಾಡುತ್ತಿದ್ದರು. ಲೈನ್ ಕಡಿದರೆ ಆ ಕಡೆಯ ಎಲ್ಲ ಪ್ರೋಸೆಸ್‌ಗಳಿಗೂ 'ಹ್ಯಾಂಗಪ್' ಎಂಬ ಸಿಗ್ನಲ್ ಹೋಗುತ್ತಿತ್ತು, ಬೇರೆ ಏರ್ಪಾಟಿಲ್ಲದ ಪ್ರೋಸೆಸ್ ಅದರಿಂದ ಕೊನೆಗೊಳ್ಳುತ್ತಿತ್ತು. ಇಂದಿಗೂ ಸಿಗ್ನಲ್‌ಗಳ ಪಟ್ಟಿಯಲ್ಲಿ 1ನೆಯದು ಅದೇ. ಟರ್ಮಿನಲ್ ವಿಂಡೋ ಮುಚ್ಚಿದರೂ, ಸರ್ವರಿನೊಂದಿಗಿನ ಎಸ್‌ಎಸ್‌ಎಚ್ ಸಂಪರ್ಕ ಕಡಿದರೂ ನಡೆಯುವುದು ಇದೇ. ಬಾಷ್ ಶೆಲ್‌ನಲ್ಲಿ 'ಎಕ್ಸಿಟ್' ಎಂದು ಬರೆದು ಹೊರಬಂದರೆ ಮಾತ್ರ ಸಾಮಾನ್ಯವಾಗಿ ಈ ಸಿಗ್ನಲ್ ಹೋಗುವುದಿಲ್ಲ. ಒಬ್ಬರ ಕೆಲಸ ಉಳಿದು ಇನ್ನೊಬ್ಬರದು ನಿಲ್ಲಲು ಎಷ್ಟೋ ಸಲ ಇಷ್ಟೇ ಕಾರಣ.

ಇದಕ್ಕೆ ಹಳೆಯ ಮದ್ದು 'ನೋಹಪ್'. ಎನ್, ಒ, ಎಚ್, ಯು, ಪಿ ಎಂಬ ಐದು ಅಕ್ಷರ. ಕಮಾಂಡಿನ ಮುಂದೆ ಇದನ್ನು ಇಟ್ಟರೆ ಆ ಸಿಗ್ನಲನ್ನು ಕಡೆಗಣಿಸುವಂತೆ ಹೇಳಿಯೇ ಕೆಲಸ ಶುರುವಾಗುತ್ತದೆ. ಈಗಾಗಲೇ ಶುರುವಾದ ಕೆಲಸಕ್ಕೆ 'ಡಿಸ್‌ಓನ್' ಇದೆ. ಅದು ಶೆಲ್‌ನ ಪಟ್ಟಿಯಿಂದ ಜಾಬನ್ನು ತೆಗೆದುಹಾಕುತ್ತದೆ, ಹಾಗಾಗಿ ಶೆಲ್ ಅದಕ್ಕೆ ಹ್ಯಾಂಗಪ್ ಕಳಿಸುವುದಿಲ್ಲ. ಆದರೆ ಅದರ ಮಾತೆಲ್ಲ, ಅಂದರೆ ಅದು ಬರೆಯುವ ಸಾಲುಗಳೆಲ್ಲ, ಹಳೆಯ ಟರ್ಮಿನಲ್‌ಗೇ ಹೋಗುತ್ತಿರುತ್ತದೆ, ಆ ಟರ್ಮಿನಲ್ ಇಲ್ಲವಾದ ಮೇಲೆ ಓದಲು ಏನೂ ಉಳಿಯುವುದಿಲ್ಲ. ಡಿಸ್‌ಓನ್ ಅನ್ನು ತುರ್ತಿಗೆ ಮಾತ್ರ ಇಟ್ಟುಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಎಲ್ಲಕ್ಕಿಂತ ಮೊದಲು ಲಾಗ್

ಪ್ರತಿ ಪ್ರೋಸೆಸ್‌ಗೂ ಮಾತು ಹೊರಡುವ ದಾರಿ ಎರಡು: ಫಲಿತಾಂಶಕ್ಕೆ 1ನೇ ದಾರಿ, ದೋಷ ಮತ್ತು ಎಚ್ಚರಿಕೆಗಳಿಗೆ 2ನೇ ದಾರಿ. ಫಲಿತಾಂಶವನ್ನಷ್ಟೇ ಫೈಲಿಗೆ ತಿರುಗಿಸಿ ದೋಷದ ದಾರಿಯನ್ನು ಬಿಟ್ಟುಬಿಟ್ಟರೆ, ಬೆಳಗ್ಗೆ ಓದಲೇಬೇಕಾಗಿದ್ದ ಸಾಲೇ ಕೈಗೆ ಸಿಗುವುದಿಲ್ಲ. ಟೆಸರಾಕ್ಟ್ ತನ್ನ ಎಚ್ಚರಿಕೆಗಳನ್ನು ಕಳಿಸುವುದು 2ನೇ ದಾರಿಯಲ್ಲೇ. ಪುಟಗಳನ್ನು ಒಂದೊಂದಾಗಿ ಟೆಸರಾಕ್ಟ್‌ಗೆ ಕೊಡುವ ಸ್ಕ್ರಿಪ್ಟಿನ ಹೆಸರು ಓಸಿಆರ್.ಎಸ್‌ಎಚ್ ಎಂದುಕೊಂಡರೆ, ಪೂರ್ಣ ಕಮಾಂಡು ಹೀಗಿರಲಿ:

ನೋಹಪ್ ಬಾಷ್ ಓಸಿಆರ್.ಎಸ್‌ಎಚ್ > ಓಸಿಆರ್.ಲಾಗ್ 2>&1 < /ಡೆವ್/ನಲ್ &

> ಚಿಹ್ನೆ 1ನೇ ದಾರಿಯನ್ನು ಲಾಗ್ ಫೈಲಿಗೆ ತಿರುಗಿಸುತ್ತದೆ. 2>&1 ಎಂದರೆ 2ನೇ ದಾರಿಯೂ 1ನೆಯದು ಹೋದಲ್ಲಿಗೇ ಹೋಗಲಿ ಎಂದು. ಕ್ರಮ ಇದೇ ಇರಬೇಕು; 2>&1 ಮೊದಲು ಬಂದರೆ ದೋಷಗಳು ಪರದೆಗೇ ಹೋಗುತ್ತವೆ. < ನಂತರದ ಭಾಗ ಓದಲು ಏನೂ ಸಿಗದಂತೆ ಮಾಡುತ್ತದೆ. ಮೇಲೆ ಹೇಳಿದ ಪ್ರಶ್ನೆ ಕೇಳಿ ಕಾಯುವ ಸಮಸ್ಯೆ ಇದರಿಂದ ತಪ್ಪುತ್ತದೆ, ಎಸ್‌ಎಸ್‌ಎಚ್ ಸಂಪರ್ಕ ಬಿಡುವಾಗ ಪರದೆ ಸಿಕ್ಕಿಕೊಂಡು ನಿಲ್ಲುವುದೂ ತಪ್ಪುತ್ತದೆ. ಫೈಲಿನ ಹೆಸರು ಕೊಡದಿದ್ದರೆ ನೋಹಪ್ ತಾನೇ ಅದೇ ಫೋಲ್ಡರಿನಲ್ಲಿ 'ನೋಹಪ್.ಔಟ್' ಎಂಬ ಫೈಲ್ ಮಾಡಿ ಎಲ್ಲವನ್ನೂ ಅದರಲ್ಲಿ ಸೇರಿಸುತ್ತ ಹೋಗುತ್ತದೆ. ನಾಲ್ಕು ಕೆಲಸಗಳ ಮಾತು ಒಂದೇ ಫೈಲಿನಲ್ಲಿ ಬೆರೆತರೆ ಯಾವುದು ಯಾರದೆಂದು ತಿಳಿಯದು. ಪ್ರತಿ ಕೆಲಸಕ್ಕೂ ಅದರದೇ ಹೆಸರಿನ ಲಾಗ್ ಕೊಡಿ.

ಕಮಾಂಡು ಕೊಟ್ಟ ಮರುಕ್ಷಣವೇ 'ಎಕೋ $! > ಓಸಿಆರ್.ಪಿಐಡಿ' ಎಂದು ಬರೆದರೆ ಆ ಕೆಲಸದ ಪಿಐಡಿ ಒಂದು ಫೈಲಿನಲ್ಲಿ ಉಳಿಯುತ್ತದೆ. ನಾಳೆ ಬೇರೆ ಟರ್ಮಿನಲ್‌ನಿಂದ ಬಂದಾಗ ಹುಡುಕಾಟ ಇರುವುದಿಲ್ಲ.

ಲಾಗ್ ಬೆಳೆಯುವುದನ್ನು ನೋಡಲು 'ಟೇಲ್ -ಎಫ್ ಓಸಿಆರ್.ಲಾಗ್'. ಹೊಸ ಸಾಲು ಬಂದಂತೆಲ್ಲ ಪರದೆಯಲ್ಲಿ ಮೂಡುತ್ತದೆ. ಕಂಟ್ರೋಲ್ ಸಿ ಒತ್ತಿ ಹೊರಬನ್ನಿ. ನಿಲ್ಲುವುದು ನೋಡುವ ಕೆಲಸ ಮಾತ್ರ, ಹಿನ್ನೆಲೆಯದಕ್ಕೆ ಏನೂ ಆಗುವುದಿಲ್ಲ. ಕೆಲವೊಮ್ಮೆ ಕೆಲಸ ಚೆನ್ನಾಗಿಯೇ ನಡೆಯುತ್ತಿದ್ದರೂ ಲಾಗ್ ಬಹಳ ಹೊತ್ತು ಖಾಲಿ ಇರುತ್ತದೆ. ಪರದೆಗೆ ಬರೆಯುವಾಗ ಸಾಲು ಸಾಲಾಗಿ ಬರೆಯುವ ತಂತ್ರಾಂಶಗಳು, ಫೈಲಿಗೆ ಬರೆಯುವಾಗ ಕೆಲವು ಸಾವಿರ ಬೈಟ್ ಒಟ್ಟಾಗುವವರೆಗೆ ತಡೆದು ಒಮ್ಮೆಲೇ ಬರೆಯುತ್ತವೆ. ಪೈಥಾನ್ ಸ್ಕ್ರಿಪ್ಟ್ ಆದರೆ 'ಪೈಥಾನ್3 -ಯು' ಎಂದು ಓಡಿಸಿದರೆ ಈ ತಡೆ ಇರದು.

ನಿಮ್ಮದೇ ಸ್ಕ್ರಿಪ್ಟ್ ಆಗಿದ್ದರೆ ಪ್ರತಿ ಪುಟ ಮುಗಿದಾಗ ಪುಟದ ಹೆಸರು ಮತ್ತು 'ಡೇಟ್' ಕಮಾಂಡು ಕೊಡುವ ಸಮಯ ಎರಡನ್ನೂ ಲಾಗಿಗೆ ಹಾಕಿಸಿ. ಸಮಯವಿಲ್ಲದ ಲಾಗ್ ಏನಾಯಿತೆಂದು ಹೇಳುತ್ತದೆ, ಯಾವಾಗ ಆಯಿತೆಂದು ಹೇಳುವುದಿಲ್ಲ. ರಾತ್ರಿ ನಿಂತ ಕೆಲಸದ ಕಾರಣ ಹುಡುಕುವಾಗ ಮೊದಲು ಬೇಕಾಗುವುದು ಸಮಯವೇ.

ಟಿಮಕ್ಸ್: ಬಿಟ್ಟುಹೋಗಿ ಮರಳುವ ಟರ್ಮಿನಲ್

ನೋಹಪ್‌ನಲ್ಲಿ ಕೆಲಸ ಉಳಿಯುತ್ತದೆ, ಅದರ ಮುಂದೆ ಮತ್ತೆ ಕೂರಲು ಆಗುವುದಿಲ್ಲ. ಆ ಕೊರತೆ ತುಂಬಿದ್ದು 1987ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಸ್ಕ್ರೀನ್'. ಈಗ ಹೆಚ್ಚು ಬಳಕೆಯಲ್ಲಿರುವುದು 2007ರಲ್ಲಿ ನಿಕೋಲಸ್ ಮ್ಯಾರಿಯಟ್ ಆರಂಭಿಸಿದ 'ಟಿಮಕ್ಸ್'; ಟಿ, ಎಂ, ಯು, ಎಕ್ಸ್. ಹೊಸಬರು ಕಲಿಯಲು ಒಂದನ್ನೇ ಆರಿಸಬೇಕಾದರೆ ನನ್ನ ಮತ ಇದಕ್ಕೆ.

'ಟಿಮಕ್ಸ್ ನ್ಯೂ -ಎಸ್ ಓಸಿಆರ್' ಎಂದರೆ ಓಸಿಆರ್ ಎಂಬ ಹೆಸರಿನ ಹೊಸ ಸೆಷನ್ ತೆರೆಯುತ್ತದೆ. ಒಳಗೆ ಕೆಲಸವನ್ನು & ಇಲ್ಲದೆ, ಎಂದಿನಂತೆ ಶುರು ಮಾಡಿ. ಕಂಟ್ರೋಲ್ ಬಿ ಒತ್ತಿ, ಕೈ ಬಿಟ್ಟು, ಡಿ ಒತ್ತಿದರೆ ನೀವು ಹೊರಗೆ, ಕೆಲಸ ಒಳಗೆ. ಮರಳಲು 'ಟಿಮಕ್ಸ್ ಅಟ್ಯಾಚ್ -ಟಿ ಓಸಿಆರ್'. ಹೆಸರು ಮರೆತಿದ್ದರೆ 'ಟಿಮಕ್ಸ್ ಎಲ್‌ಎಸ್'. ದೂರದ ಸರ್ವರಿನಲ್ಲಿ ಕೆಲಸ ಮಾಡುವಾಗ ಮೊದಲು ಎಸ್‌ಎಸ್‌ಎಚ್ ಮೂಲಕ ಅಲ್ಲಿಗೆ ಹೋಗಿ, ಅಲ್ಲಿಯೇ ಟಿಮಕ್ಸ್ ತೆರೆಯಬೇಕು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಟಿಮಕ್ಸ್ ತೆರೆದು ಅದರೊಳಗಿಂದ ಎಸ್‌ಎಸ್‌ಎಚ್ ಮಾಡಿದರೆ ಸಂಪರ್ಕ ಕಡಿದಾಗ ರಕ್ಷಣೆ ಸಿಗುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೆಲಸ ಮಾಡುವವರಿಗೆ ಈ ಒಂದು ಅಭ್ಯಾಸ ಎಷ್ಟೋ ಗಂಟೆಗಳನ್ನು ಉಳಿಸುತ್ತದೆ. ಟಿಮಕ್ಸ್ ಒಳಗೂ ಲಾಗ್ ಬರೆಸುವುದನ್ನು ಬಿಡಬೇಡಿ, ಪರದೆಯಲ್ಲಿ ಮೇಲಕ್ಕೆ ಸರಿದುಹೋದ ಸಾಲುಗಳು ಒಂದು ಮಿತಿಯ ನಂತರ ಅಳಿಯುತ್ತವೆ.

ಓಡುತ್ತಿದೆಯೇ, ಸುಮ್ಮನೆ ಕೂತಿದೆಯೇ

'ಪಿಎಸ್' ಕಮಾಂಡು ಪ್ರೋಸೆಸ್‌ಗಳ ಸ್ಥಿತಿ ತಿಳಿಸುತ್ತದೆ. ಅದರ ಹಲವು ಅಂಕಣಗಳಲ್ಲಿ ನನಗೆ ಅತಿ ಉಪಯುಕ್ತವೆನಿಸಿದವು ಎರಡು: ಶುರುವಾಗಿ ಎಷ್ಟು ಹೊತ್ತಾಯಿತು ಎನ್ನುವ 'ಇಟೈಮ್', ನಿಜವಾಗಿ ಸಿಪಿಯು ಬಳಸಿದ್ದು ಎಷ್ಟು ಹೊತ್ತು ಎನ್ನುವ 'ಟೈಮ್'. 'ಪಿಎಸ್ -ಒ ಪಿಐಡಿ,ಸ್ಟ್ಯಾಟ್,ಇಟೈಮ್,ಟೈಮ್,ಸಿಎಂಡಿ -ಪಿ 4821' ಎಂದು ಕೇಳಿ, ಒಂದು ನಿಮಿಷ ಬಿಟ್ಟು ಮತ್ತೆ ಕೇಳಿ. ಟೈಮ್ ಏರಿದ್ದರೆ ಕೆಲಸ ಸಾಗುತ್ತಿದೆ. ಇಟೈಮ್ ಏರಿ ಟೈಮ್ ಇದ್ದಲ್ಲೇ ಇದ್ದರೆ ಅದು ಏನಕ್ಕೋ ಕಾಯುತ್ತಿದೆ: ಡಿಸ್ಕ್, ನೆಟ್‌ವರ್ಕ್, ಇಲ್ಲವೇ ಇನ್ನೊಂದು ಪ್ರೋಸೆಸ್.

ಕಾರಣದ ಸುಳಿವು 'ಸ್ಟ್ಯಾಟ್' ಅಂಕಣದ ಮೊದಲ ಅಕ್ಷರದಲ್ಲಿದೆ. ಆರ್ ಇದ್ದರೆ ಓಡುತ್ತಿದೆ, ಎಸ್ ಇದ್ದರೆ ಕಾಯುತ್ತಿದೆ. ಟಿ ಇದ್ದರೆ ಯಾರೋ ತಡೆದು ನಿಲ್ಲಿಸಿದ್ದಾರೆ. ಜೆಡ್ ಇದ್ದರೆ ಕೆಲಸ ಮುಗಿದಿದೆ, ಅದನ್ನು ಹುಟ್ಟಿಸಿದ ಪ್ರೋಸೆಸ್ ಇನ್ನೂ ಲೆಕ್ಕ ಪಡೆದುಕೊಂಡಿಲ್ಲ. ಡಿ ಇದ್ದರೆ ಸಾಮಾನ್ಯವಾಗಿ ಡಿಸ್ಕಿನ ಉತ್ತರಕ್ಕೆ ಕಾದು ಕೂತಿದೆ, ಆ ಹೊತ್ತಿನಲ್ಲಿ ಅದನ್ನು ಬಲವಂತವಾಗಿ ಕೊಲ್ಲಲೂ ಆಗುವುದಿಲ್ಲ. ಡಿ ಬಹಳ ಹೊತ್ತು ಕಂಡರೆ ಯುಎಸ್‌ಬಿ ಡಿಸ್ಕನ್ನೋ ಅದರ ಕೇಬಲನ್ನೋ ಪರೀಕ್ಷಿಸಿ.

ನಮ್ಮ ಉದಾಹರಣೆಯಲ್ಲಿ ಪುಟಕ್ಕೊಂದು ಹೊಸ ಟೆಸರಾಕ್ಟ್ ಪ್ರೋಸೆಸ್ ಹುಟ್ಟಿ ಸಾಯುತ್ತದೆ, ಆದ್ದರಿಂದ ಪ್ರೋಸೆಸ್ ನೋಡುವುದಕ್ಕಿಂತ ಫಲಿತಾಂಶ ಎಣಿಸುವುದೇ ಸರಿ. 'ವಾಚ್ -ಎನ್ 60' ಎಂದು ಬರೆದು, ಉದ್ಧರಣ ಚಿಹ್ನೆಯೊಳಗೆ 'ಎಲ್‌ಎಸ್ *.ಟಿಎಕ್ಸ್‌ಟಿ | ಡಬ್ಲ್ಯುಸಿ -ಎಲ್' ಎಂದು ಕೊಟ್ಟರೆ ಪ್ರತಿ ನಿಮಿಷಕ್ಕೂ ಮುಗಿದ ಪುಟಗಳ ಸಂಖ್ಯೆ ಕಾಣುತ್ತದೆ.

ಇಡೀ ಯಂತ್ರದ ಚಿತ್ರ ಬೇಕಾದರೆ 'ಟಾಪ್' ಅಥವಾ ಹೆಚ್ಚು ಸುಲಭದ 'ಎಚ್‌ಟಾಪ್'. ಮೇಲೆ ಕಾಣುವ ಮೂರು ಲೋಡ್ ಸಂಖ್ಯೆಗಳು ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿ. 'ಎನ್‌ಪ್ರಾಕ್' ಹೇಳುವ ಕೋರ್‌ಗಳ ಸಂಖ್ಯೆಯನ್ನು ಇದು ಬಹಳ ಮೀರಿದ್ದರೆ ಕೆಲಸಗಳು ಒಂದನ್ನೊಂದು ತಡೆಯುತ್ತಿವೆ. ಟೆಸರಾಕ್ಟ್ ಬಳಸುವವರು ಇಲ್ಲಿ ಒಂದು ವಿಷಯ ತಿಳಿದಿರಬೇಕು. 4ನೇ ಆವೃತ್ತಿಯಿಂದ ಈಚೆಗೆ ಒಂದೇ ಪುಟಕ್ಕೆ ಅದು ಹಲವು ಥ್ರೆಡ್‌ಗಳನ್ನು ಬಳಸುತ್ತದೆ. ನಾಲ್ಕು ಪುಟ ಒಟ್ಟಿಗೆ ಓಡಿಸಿದರೆ ಎಲ್ಲವೂ ಕೋರ್‌ಗಳಿಗಾಗಿ ಕಿತ್ತಾಡಿ ವೇಗ ಬೀಳುತ್ತದೆ. 'ಒಎಂಪಿ_ಥ್ರೆಡ್_ಲಿಮಿಟ್' ಎಂಬ ಪರಿಸರ ಚರವನ್ನು, ಎಲ್ಲ ದೊಡ್ಡಕ್ಷರಗಳಲ್ಲಿ ಬರೆದು, 1ಕ್ಕೆ ಇಟ್ಟು ಆಮೇಲೆ ಹಲವು ಪುಟ ಒಟ್ಟಿಗೆ ಓಡಿಸಿ. ಅದೇ ಯಂತ್ರದಲ್ಲಿ ನೀವು ಬೇರೆ ಕೆಲಸ ಮಾಡಬೇಕಿದ್ದರೆ ಕಮಾಂಡಿನ ಮುಂದೆ 'ನೈಸ್ -ಎನ್ 19' ಸೇರಿಸಿ. ಆಗ ಹಿನ್ನೆಲೆಯ ಕೆಲಸ ನಿಮಗೆ ಜಾಗ ಬಿಟ್ಟು, ಉಳಿದ ಸಿಪಿಯು ಸಮಯವನ್ನು ಬಳಸುತ್ತದೆ.

ಸಾಲಿನಲ್ಲಿ ನಿಲ್ಲಿಸುವುದು

20 ಪುಸ್ತಕಗಳಿಗೆ 20 ಸಲ & ಹಾಕಿದರೆ ಎಲ್ಲವೂ ಒಮ್ಮೆಗೇ ಶುರುವಾಗಿ ಯಂತ್ರ ಸುಸ್ತಾಗುತ್ತದೆ. ಇಲ್ಲಿಗೆ ಬೇಕಾದ್ದು ಟಾಸ್ಕ್ ಸ್ಪೂಲರ್. ಹಿಟ್ಟಿನ ಗಿರಣಿಯಲ್ಲಿ ಡಬ್ಬ ಸಾಲಿಗಿಟ್ಟು ಹೋದ ಹಾಗೆ ಕೆಲಸಗಳನ್ನು ಸರದಿಗಿಟ್ಟು ಹೋಗಬಹುದು, ಒಂದು ಮುಗಿದ ಮೇಲೆ ಇನ್ನೊಂದು ತಾನೇ ಶುರುವಾಗುತ್ತದೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಇದರ ಕಮಾಂಡು 'ಟಿಎಸ್‌ಪಿ'.

'ಟಿಎಸ್‌ಪಿ ಬಾಷ್ ಓಸಿಆರ್.ಎಸ್‌ಎಚ್ ಪುಸ್ತಕ1' ಎಂದರೆ ಕೆಲಸ ಸಾಲಿಗೆ ಸೇರುತ್ತದೆ. ಬರೀ 'ಟಿಎಸ್‌ಪಿ' ಎಂದರೆ ಯಾವುದು ಕಾಯುತ್ತಿದೆ, ಯಾವುದು ಓಡುತ್ತಿದೆ, ಯಾವುದು ಮುಗಿದಿದೆ ಎಂಬ ಪಟ್ಟಿ. ಮುಗಿದದ್ದರ ಎದುರಿಗೆ ಅದು ಹಿಂದಿರುಗಿಸಿದ ಸಂಕೇತ ಸಂಖ್ಯೆಯೂ ಇರುತ್ತದೆ. 'ಟಿಎಸ್‌ಪಿ -ಟಿ' ಎಂದರೆ ಓಡುತ್ತಿರುವ ಕೆಲಸದ ಮಾತು ಬಂದಂತೆಲ್ಲ ತೋರಿಸುತ್ತದೆ. 'ಟಿಎಸ್‌ಪಿ -ಎಸ್ 2', ಇಲ್ಲಿ ಎಸ್ ದೊಡ್ಡಕ್ಷರ, ಎಂದರೆ ಒಮ್ಮೆಗೆ ಎರಡು ಓಡುತ್ತವೆ. ಪ್ರತಿ ಕೆಲಸದ ಮಾತನ್ನೂ ಬೇರೆ ಬೇರೆ ಫೈಲಿನಲ್ಲಿ ಟಿಎಸ್‌ಪಿಯೇ ಇಡುವುದರಿಂದ ಮೇಲೆ ಹೇಳಿದ ಏರ್ಪಾಟಿನ ಅರ್ಧ ಭಾಗ ಇಲ್ಲಿ ಪುಕ್ಕಟೆ. ಕೊರತೆ ಒಂದೇ: ಯಂತ್ರ ಮತ್ತೆ ಚಾಲೂ ಆದರೆ ಸಾಲು ಅಳಿಸಿಹೋಗುತ್ತದೆ. ಸಾಲನ್ನು ಡಿಸ್ಕಿನಲ್ಲೇ ಉಳಿಸಿಡುವ 'ಪುಯೂ' ಎಂಬ ಹೊಸ ತಂತ್ರಾಂಶವೂ ಇದೆ. ಪಿ, ಯು, ಇ, ಯು, ಇ. ಕೆಲಸಗಳನ್ನು ನಡುವೆ ತಡೆದು ಮುಂದುವರಿಸಲು, ಗುಂಪು ಮಾಡಲು ಅದರಲ್ಲಿ ಅನುಕೂಲ ಹೆಚ್ಚು. ದಿನವೂ ಇಂಥ ಕೆಲಸ ಮಾಡುವವರಿಗೆ ಕಲಿತದ್ದು ದಂಡವಾಗದು.

ನಿಲ್ಲಿಸಬೇಕಾದಾಗ

'ಕಿಲ್' ಎಂಬ ಹೆಸರು ಕಠೋರವಾದರೂ 'ಕಿಲ್ 4821' ಕಳಿಸುವುದು 15ನೇ ಸಿಗ್ನಲ್, ಅಂದರೆ ಮುಗಿಸಿಕೊಂಡು ಹೊರಡು ಎಂಬ ಕೋರಿಕೆ. ತಂತ್ರಾಂಶಕ್ಕೆ ತಾತ್ಕಾಲಿಕ ಫೈಲುಗಳನ್ನು ಅಳಿಸಲು ಅವಕಾಶ ಸಿಗುತ್ತದೆ. 'ಕಿಲ್ -9' ಆ ಅವಕಾಶವನ್ನೇ ಕೊಡುವುದಿಲ್ಲ, ಅರ್ಧ ಬರೆದ ಫೈಲು ಅರ್ಧವಾಗಿಯೇ ಉಳಿಯುತ್ತದೆ. ಮೊದಲು 15, ಅದಕ್ಕೆ ಜಗ್ಗದಿದ್ದರಷ್ಟೇ 9. ಇನ್ನೊಂದು ಸೂಕ್ಷ್ಮ: ಅದೇ ಶೆಲ್‌ನಲ್ಲಿ 'ಕಿಲ್ %1' ಎಂದರೆ ಸ್ಕ್ರಿಪ್ಟ್ ಮತ್ತು ಅದು ಹುಟ್ಟಿಸಿದ ಟೆಸರಾಕ್ಟ್ ಎರಡಕ್ಕೂ ಸಿಗ್ನಲ್ ಹೋಗುತ್ತದೆ. ಬೇರೆ ಟರ್ಮಿನಲ್‌ನಿಂದ ಪಿಐಡಿ ಮಾತ್ರ ಕೊಟ್ಟರೆ ಸ್ಕ್ರಿಪ್ಟ್ ನಿಂತು, ಆ ಹೊತ್ತಿನ ಪುಟ ತನ್ನ ಪಾಡಿಗೆ ಸಾಗುತ್ತದೆ. 'ಕಿಲ್ -- -4821' ಎಂದು ಮೈನಸ್ ಸೇರಿಸಿದರೆ ಇಡೀ ಗುಂಪಿಗೆ ಹೋಗುತ್ತದೆ.

ವಿದ್ಯುತ್ತು, ನಿದ್ದೆ, ಮತ್ತೆ ಆರಂಭ

ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೆ ಯಂತ್ರ ನಿದ್ರಿಸುತ್ತದೆ, ನೋಹಪ್ ಆಗಲಿ ಟಿಮಕ್ಸ್ ಆಗಲಿ ಅದನ್ನು ತಡೆಯುವುದಿಲ್ಲ. ಈಗಿನ ಬಹುತೇಕ ಲಿನಕ್ಸ್‌ಗಳಲ್ಲಿ ಕಮಾಂಡಿನ ಮುಂದೆ 'ಸಿಸ್ಟಂಡಿ-ಇನ್‌ಹಿಬಿಟ್ --ವಾಟ್=ಸ್ಲೀಪ್:ಹ್ಯಾಂಡಲ್-ಲಿಡ್-ಸ್ವಿಚ್' ಸೇರಿಸಿದರೆ ಆ ಕೆಲಸ ಮುಗಿಯುವ ತನಕ ನಿದ್ದೆಗೆ ತಡೆ ಬೀಳುತ್ತದೆ. ಮ್ಯಾಕ್‌ನಲ್ಲಿ ಮುಚ್ಚಳ ತೆರೆದಿಟ್ಟು 'ಕೆಫಿನೇಟ್ -ಐ' ಬಳಸಿ.

ಕರೆಂಟು ಹೋಗುವುದಕ್ಕೆ ಕಮಾಂಡಿನ ಪರಿಹಾರವಿಲ್ಲ, ಸ್ಕ್ರಿಪ್ಟಿನಲ್ಲಿದೆ. ಪ್ರತಿ ಪುಟಕ್ಕೂ ಮೊದಲು ಆ ಪುಟದ ಪಠ್ಯ ಫೈಲ್ ಆಗಲೇ ಇದೆಯೇ ಎಂದು ನೋಡಿ, ಇದ್ದರೆ ಬಿಟ್ಟು ಮುಂದೆ ಹೋಗುವಂತೆ ಬರೆಯಿರಿ. ಇಷ್ಟೇ ಆದರೆ ಕರೆಂಟು ಹೋದಾಗ ಅರ್ಧ ಬರೆದಿದ್ದ ಪುಟವೂ ಮುಗಿದದ್ದೆಂದು ಲೆಕ್ಕವಾಗುತ್ತದೆ. ಹಾಗಾಗಿ ಟೆಸರಾಕ್ಟ್ ಮೊದಲು ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿಗೆ ಬರೆಯಲಿ, ಯಶಸ್ವಿಯಾಗಿ ಮುಗಿದರೆ ಮಾತ್ರ 'ಎಂವಿ' ಕಮಾಂಡು ಅದಕ್ಕೆ ನಿಜವಾದ ಹೆಸರಿಡಲಿ. ನಡುವೆ && ಹಾಕಿದರೆ ಈ 'ಯಶಸ್ವಿಯಾದರೆ ಮಾತ್ರ' ಎಂಬ ಷರತ್ತು ಸಿಗುತ್ತದೆ. ಹಲವು ಪುಟ ಒಟ್ಟಿಗೆ ಓಡುವುದಾದರೆ ತಾತ್ಕಾಲಿಕ ಹೆಸರು ಪುಟಕ್ಕೊಂದು ಬೇರೆ ಇರಬೇಕು. ಹೀಗೆ ಬರೆದ ಸ್ಕ್ರಿಪ್ಟನ್ನು ಎಷ್ಟು ಸಲ ಬೇಕಾದರೂ ನಿಲ್ಲಿಸಿ ಮತ್ತೆ ಶುರು ಮಾಡಬಹುದು, ಮಾಡಿದ್ದನ್ನೇ ಮಾಡುವ ದಂಡ ಇರುವುದಿಲ್ಲ.

ಮುಗಿದ ಮೇಲೆ

ಪ್ರತಿ ಕಮಾಂಡೂ ಮುಗಿಯುವಾಗ ಒಂದು ಸಂಖ್ಯೆ ಹಿಂದಿರುಗಿಸುತ್ತದೆ. 0 ಎಂದರೆ ಸರಿಯಾಗಿ ಮುಗಿಯಿತು, ಬೇರೇನಿದ್ದರೂ ಗಮನಿಸಬೇಕು. 137 ಎಂದು ಕಂಡರೆ ಅದು 128ಕ್ಕೆ 9 ಸೇರಿದ್ದು, ಅಂದರೆ 9ನೇ ಸಿಗ್ನಲ್‌ನಿಂದ ಸತ್ತಿತು. ನೀವು ಕೊಂದಿಲ್ಲವಾದರೆ ಹೆಚ್ಚಾಗಿ ಮೆಮೊರಿ ಸಾಲದೆ ಕರ್ನೆಲ್ ಕೊಂದಿರುತ್ತದೆ, 'ಸುಡೋ ಡಿಮೆಸೇಜ್' ಎಂದು ನೋಡಿದರೆ ಖಚಿತವಾಗುತ್ತದೆ. ಡಿಮೆಸೇಜ್‌ನ ಕಾಗುಣಿತ ಡಿ, ಎಂ, ಇ, ಎಸ್, ಜಿ. ಆದರೆ ಲೂಪ್ ಇರುವ ಸ್ಕ್ರಿಪ್ಟ್ ಹಿಂದಿರುಗಿಸುವುದು ಸಾಮಾನ್ಯವಾಗಿ ಕೊನೆಯ ಕಮಾಂಡಿನ ಸಂಖ್ಯೆ. 37ನೇ ಪುಟ ಕೆಟ್ಟು 400ನೆಯದು ಸರಿಯಾದರೆ 0 ಬರುತ್ತದೆ. ಪ್ರತಿ ಪುಟದ ಕಮಾಂಡಿನ ಕೊನೆಗೆ || ಹಾಕಿ, ವಿಫಲವಾದ ಪುಟದ ಹೆಸರನ್ನು ಇನ್ನೊಂದು ಫೈಲಿಗೆ ಸೇರಿಸುವಂತೆ ಮಾಡಿ.

ಸಂಖ್ಯೆ 0 ಇದ್ದೂ ಪಠ್ಯ ಬಾರದ ಪುಟಗಳೂ ಇರುತ್ತವೆ. ಖಾಲಿ ಫೈಲ್ ಹುಡುಕಿದರೆ ಅವು ಸಿಗುವುದಿಲ್ಲ. ಏನೂ ಓದಲಾಗದ ಪುಟಕ್ಕೂ ಟೆಸರಾಕ್ಟ್ ಕೊನೆಯಲ್ಲಿ ಪುಟ ಮುಗಿದ ಗುರುತೊಂದನ್ನು ಬರೆದಿರುತ್ತದೆ, ಆದ್ದರಿಂದ ಗಾತ್ರ ಸೊನ್ನೆ ಇರುವುದಿಲ್ಲ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಒತ್ತಕ್ಷರವಾದರೆ ಇನ್ನೂ ಹೆಚ್ಚು. ಅಂದರೆ 100 ಬೈಟ್‌ಗಿಂತ ಚಿಕ್ಕ ಫೈಲಿನಲ್ಲಿ ಒಂದು ಸಾಲು ಕನ್ನಡವೂ ಹಿಡಿಯುವುದು ಕಷ್ಟ. 'ಫೈಂಡ್ . -ನೇಮ್ "*.ಟಿಎಕ್ಸ್‌ಟಿ" -ಸೈಜ್ -100ಸಿ' ಎಂದು ಕೊಟ್ಟರೆ ಅಂಥವೆಲ್ಲ ಪಟ್ಟಿಯಾಗಿ ಬರುತ್ತವೆ. ಅವುಗಳ ಚಿತ್ರವನ್ನು ತೆರೆದು ನೋಡಿ. ಖಾಲಿ ಹಾಳೆ, ಚಿತ್ರಪುಟಗಳನ್ನು ಬಿಟ್ಟುಬಿಡಿ. ಅಡ್ಡ ತಿರುಗಿದ, ಮಸುಕಾದ ಪುಟಗಳನ್ನು ಸರಿಪಡಿಸಿ, ಅವುಗಳ ಪಠ್ಯ ಫೈಲ್ ಅಳಿಸಿ, ಸ್ಕ್ರಿಪ್ಟನ್ನು ಮತ್ತೆ ಸಾಲಿಗೆ ಹಾಕಿ.